ಹೊಗೆಯಿಂದ ಮಾಸಾಯಿ ಬದುಕನ್ನು ಚಿತ್ರಿಸುವ ಬಗೆ

ದೀಪದ ಹೊಗೆಯನ್ನು ಕಾಗದದ ಮೇಲೆ ಹಿಡಿದು ಚಿತ್ರ ಬಿಡಿಸುವ ಕ್ರಮಕ್ಕೆ ಫ್ಯೂಮಾಜ್ ಎಂಬ ಹೆಸರಿದೆ. 1930ರ ದಶಕದಲ್ಲಿ ಕನಸಿನಂಥ ದೃಶ್ಯಗಳನ್ನು ಬಿಡಿಸುವ ಸರ್ರಿಯಲಿಸ್ಟ್ ಪಂಥದ ಚಿತ್ರಕಾರ ವೋಲ್ಫ್‌ಗ್ಯಾಂಗ್ ಪಾಲೆನ್ ಇದನ್ನು ಬಳಕೆಗೆ ತಂದರು. ಅವರು ಹೊಗೆ ತಾನಾಗಿ ಮೂಡಿಸಿದ ಆಕಾರಗಳ ಬೆನ್ನುಹತ್ತಿದರೆ, ಕೀನ್ಯಾದ ದಕ್ಷಿಣಕ್ಕೂ ಟಾಂಜಾನಿಯಾದ ಉತ್ತರಕ್ಕೂ ಹರಡಿರುವ ಮಾಸಾಯಿ ಪಶುಪಾಲಕರ ಬದುಕನ್ನು ಚಿತ್ರಿಸಹೊರಟವರಿಗೆ ಹೊಗೆಯ ಮೇಲೆ ಹೆಚ್ಚಿನ ಹಿಡಿತ ಬೇಕಾಗುತ್ತದೆ.

ಮೊದಲು ವಸ್ತುವನ್ನು ಆರಿಸಿಕೊಳ್ಳಬೇಕು. ಮಾಸಾಯಿ ಎಂದೊಡನೆ ಹೆಚ್ಚಿನವರು ಶುಕಾ ಎಂಬ ಕೆಂಪು ಬಟ್ಟೆ ಹೊದ್ದು ನೆಗೆಯುವ ಯುವಕರನ್ನೇ ಚಿತ್ರಿಸುತ್ತಾರೆ. ಆದರೆ ಆ ದೃಶ್ಯದ ಜೀವವಿರುವುದು ಬಣ್ಣದಲ್ಲಿ, ಹೊಗೆಗೆ ಅದು ದಕ್ಕುವುದಿಲ್ಲ. ಹೊಗೆಗೆ ನಿಜವಾಗಿ ಒಗ್ಗುವುದು ಅವರ ಮನೆಯ ಒಳಭಾಗ ಎಂಬುದು ನನ್ನ ದೃಢವಾದ ಅಭಿಪ್ರಾಯ. ಗಳ ಮತ್ತು ರೆಂಬೆಗಳ ಚೌಕಟ್ಟಿಗೆ ಮಣ್ಣು, ಸಗಣಿ ಮೆತ್ತಿ ಹೆಂಗಸರೇ ಕಟ್ಟುವ ಆ ತಗ್ಗಾದ ಮನೆಯೊಳಗೆ ಒಲೆ ಉರಿಯುತ್ತದೆ, ಬೆಳಕು ಸಣ್ಣ ಕಿಂಡಿಯಿಂದ ಮಾತ್ರ ಬರುತ್ತದೆ, ಹೊಗೆ ಗೋಡೆಗೂ ಸೂರಿಗೂ ಹತ್ತಿಕೊಂಡಿರುತ್ತದೆ. ಹಾಲು ತುಂಬುವ ಸೋರೆಬುರುಡೆಯ ಒಳಭಾಗವನ್ನೂ ಅವರು ಉರಿಯುವ ಕಟ್ಟಿಗೆಯ ಕೆಂಡದಿಂದ ಉಜ್ಜಿ ಶುದ್ಧಮಾಡುತ್ತಾರೆ, ಅದರ ಹೊಗೆವಾಸನೆ ಹಾಲಿಗೂ ಇಳಿಯುತ್ತದೆ. ಸಂಜೆ ಮುಳ್ಳುಬೇಲಿಯ ಹಟ್ಟಿಗೆ ಮರಳುವ ದನಗಳ ಧೂಳೂ ಈ ಮಾಧ್ಯಮಕ್ಕೆ ಚೆನ್ನಾಗಿ ಒಪ್ಪುತ್ತದೆ.

ಕಾಗದ 300 ಜಿ.ಎಸ್.ಎಂ. (ಚದರ ಮೀಟರಿಗೆ 300 ಗ್ರಾಂ) ತೂಕದ, ಹತ್ತಿಯಿಂದ ಮಾಡಿದ ಜಲವರ್ಣ ಕಾಗದವಾಗಿರಲಿ. ತೆಳು ಕಾಗದ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಸಾಮಾನ್ಯ ಮೇಣದ ಬತ್ತಿ ಅಥವಾ ಸೀಮೆಎಣ್ಣೆಯ ಬುಡ್ಡಿದೀಪ ಸಾಕು. ನಮ್ಮ ಮನೆಗಳಲ್ಲಿ ಕಾಡಿಗೆ ಮಾಡಲು ಹಚ್ಚುತ್ತಿದ್ದ ಹರಳೆಣ್ಣೆಯ ಹಣತೆಯಿಂದಲೂ ಒಳ್ಳೆಯ ಮಸಿ ಸಿಗುತ್ತದೆ. ಗಾಳಿಯಾಡುವ ಕೋಣೆಯಲ್ಲಿ, ಫ್ಯಾನ್ ಆರಿಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಪಕ್ಕದಲ್ಲಿ ಬಕೆಟ್ ನೀರಿಟ್ಟುಕೊಂಡೇ ಕೆಲಸ ಆರಂಭಿಸಬೇಕು.

ಕಾಗದದ ಮುಖವನ್ನು ಕೆಳಗೆ ಮಾಡಿ ಎರಡೂ ಕೈಗಳಿಂದ ಹಿಡಿದು, ಜ್ವಾಲೆಯ ಹಳದಿ ತುದಿ ಕಾಗದವನ್ನು ಸವರಿಯೂ ಸವರದಂತಿರುವಷ್ಟು ಎತ್ತರದಲ್ಲಿ ನಿಲ್ಲಿಸದೆ ಆಡಿಸುತ್ತಿರಬೇಕು. ಹಳದಿ ಭಾಗದಲ್ಲಿ ಇಂಗಾಲದ ಕಣಗಳು ಇನ್ನೂ ಪೂರ್ತಿ ಉರಿದಿರುವುದಿಲ್ಲ. ಅಲ್ಲಿ ತಣ್ಣನೆಯ ಕಾಗದ ಅಡ್ಡ ಬಂದಾಗ ಅವು ಮಸಿಯಾಗಿ ಕೂರುತ್ತವೆ. ಕಾಗದವನ್ನು ಹೆಚ್ಚು ಎತ್ತಿದರೆ ಮಸಿ ಕಡಿಮೆ, ಒಂದೇ ಕಡೆ ನಿಲ್ಲಿಸಿದರೆ ಸುಟ್ಟ ಕಂದು ಕಲೆ. ಮನೆಯ ಮೂಲೆಗಳಿಗೆ ಹಲವು ಸಲ ಹಾಯಿಸಿ ದಟ್ಟ ಕಪ್ಪು ತಂದುಕೊಂಡು, ಕಿಂಡಿ ಮತ್ತು ಒಲೆಯ ಸುತ್ತ ತೆಳುವಾಗಿ ಬಿಡಬೇಕು. ಖಚಿತವಾದ ಅಂಚು ಬೇಕಿದ್ದರೆ ಅಲ್ಯೂಮಿನಿಯಂ ಹಾಳೆಯನ್ನು ಕತ್ತರಿಸಿ ಅಡ್ಡ ಹಿಡಿಯಬಹುದು.

ಚಿತ್ರದ ನಿಜವಾದ ರೇಖಾಕೆಲಸ ಇರುವುದು ಮಸಿ ತೆಗೆಯುವುದರಲ್ಲಿ. ಹಕ್ಕಿಯ ಗರಿಯಿಂದ ಮೆಲ್ಲಗೆ ಸವರಿದರೆ ಕಿಂಡಿಯಿಂದ ಇಳಿಯುವ ಬೆಳಕಿನ ಪಟ್ಟಿ ಕಾಣಿಸಿಕೊಳ್ಳುತ್ತದೆ. ಒಲೆಯ ಮುಂದೆ ಕುಳಿತ ಹೆಂಗಸಿನ ಬೋಳಿಸಿದ ತಲೆಯ ಗುಂಡಗಿನ ಹೊಳಪಿಗೆ ಒಣ ಹತ್ತಿಕಡ್ಡಿ ಸಾಕು. ಅವಳ ಅಗಲವಾದ ಮಣಿಗಳ ಕೊರಳಪಟ್ಟಿಗೆ ಮಾತ್ರ ತಾಳ್ಮೆ ಬೇಕು: ಸೂಜಿಯಿಂದ ಒಂದರೊಳಗೊಂದು ಕಮಾನುಗಳನ್ನು ಎಳೆದು, ಹಲ್ಲುಕಡ್ಡಿಯ ತುದಿಯನ್ನು ಒತ್ತಿ ಎತ್ತುತ್ತಾ ಮಣಿಗಳನ್ನು ಒಂದೊಂದಾಗಿ ಬಿಡಿಸಬೇಕು, ಎಳೆದರೆ ಮಣಿ ಗೆರೆಯಾಗಿ ಹೋಗುತ್ತದೆ. ಮೊರಾನ್ ಎಂಬ ಯುವ ಯೋಧರನ್ನು ಬಿಡಿಸುವುದಾದರೆ ಅವರ ಉದ್ದನೆಯ ಹೊಸೆದ ಕೂದಲೆಳೆಗಳಿಗೂ ಸೂಜಿಯೇ ಸರಿ. ಯುವ ಯೋಧರು ಹಿರಿಯ ಯೋಧರಾಗುವ ಯುನೋಟೋ ಆಚರಣೆಯಲ್ಲಿ ತಾಯಿ ಮಗನ ಆ ಕೂದಲನ್ನು ಬೋಳಿಸುತ್ತಾಳೆ. ಒಮ್ಮೆ ಆಚರಣೆ ಮುಗಿಸಿದವನಿಗೆ ಉದ್ದ ಕೂದಲು ಬಿಡಿಸಿದರೆ ಚಿತ್ರ ಸುಳ್ಳಾಗುತ್ತದೆ. ಆಭರಣಗಳೂ ಧರಿಸಿದವರ ವಯಸ್ಸು ಮತ್ತು ಸ್ಥಾನವನ್ನು ಹೇಳುವುದರಿಂದ, ಬೇರೆಬೇರೆ ಚಿತ್ರಗಳಿಂದ ತುಣುಕು ಹೆಕ್ಕಿ ಜೋಡಿಸದೆ ಒಬ್ಬ ವ್ಯಕ್ತಿಯ ಒಂದೇ ಛಾಯಾಚಿತ್ರವನ್ನು, ಅದನ್ನು ತೆಗೆದವರ ಮತ್ತು ಸಾಧ್ಯವಾದರೆ ಅದರಲ್ಲಿರುವವರ ಒಪ್ಪಿಗೆ ಪಡೆದು, ಆಧಾರವಾಗಿಟ್ಟುಕೊಳ್ಳುವುದು ಉಚಿತ.

ಕೆಲಸ ಮುಗಿಯುವವರೆಗೂ ಮಸಿಗೆ ಕೈ ತಾಗಬಾರದು, ಉಸಿರೂದಿ ಪುಡಿ ಹಾರಿಸಲೂಬಾರದು. ಕಾಗದವನ್ನು ಓರೆಯಾಗಿಸಿ ತಟ್ಟಿದರೆ ಪುಡಿ ಉದುರುತ್ತದೆ. ಕುಂಚದಿಂದ ವಾರ್ನಿಷ್ ಹಚ್ಚಿದರೆ ಎಲ್ಲವೂ ಕದಡಿಹೋಗುತ್ತದೆ. ಆದ್ದರಿಂದ ಪ್ಯಾಸ್ಟೆಲ್ ಚಿತ್ರಗಳ ಪುಡಿ ಉದುರದಂತೆ ಹಿಡಿದಿಡಲು ಬಳಸುವ ಫಿಕ್ಸೆಟಿವ್ ಸ್ಪ್ರೇಯನ್ನು ಸುಮಾರು ಎರಡು ಅಡಿ ದೂರದಿಂದ ಮಂಜಿನಂತೆ ತೆಳುವಾಗಿ ಸಿಂಪಡಿಸಿ, ಒಣಗಿದ ಮೇಲೆ ಮತ್ತೆ ಸಿಂಪಡಿಸಬೇಕು. ಈ ದ್ರವ ಬೇಗ ಹೊತ್ತಿಕೊಳ್ಳುವುದರಿಂದ ಅದಕ್ಕೂ ಮೊದಲು ಎಲ್ಲ ದೀಪಗಳನ್ನೂ ಆರಿಸಿರಬೇಕು. ಫಿಕ್ಸೆಟಿವ್ ತಗುಲಿದಾಗ ತೆಳುಛಾಯೆಗಳು ತುಸು ಗಾಢವಾಗುವ ಕಾರಣ, ಬೆಳಕಿನ ಭಾಗಗಳನ್ನು ಬೇಕೆನಿಸಿದ್ದಕ್ಕಿಂತ ಸ್ವಲ್ಪ ಹೆಚ್ಚೇ ತೆರೆದಿಟ್ಟಿರಬೇಕು. ಚೌಕಟ್ಟು ಹಾಕಿಸುವಾಗ ಗಾಜು ಮಸಿಗೆ ತಾಗದಂತೆ ನಡುವೆ ದಪ್ಪನೆಯ ಮೌಂಟ್ ಬೋರ್ಡ್ ಇರಿಸಲು ಹೇಳಬೇಕು.