ವಿದುರಾಶ್ವತ್ಥ: ಮೊದಲು ಸ್ತೂಪ, ಆಮೇಲೆ ವೀರಸೌಧ

ಬೆಂಗಳೂರಿನಿಂದ ಮಕ್ಕಳನ್ನೋ ಗೆಳೆಯರನ್ನೋ ವಿದುರಾಶ್ವತ್ಥಕ್ಕೆ ಕರೆದೊಯ್ಯುವಾಗ ನಾನು ಒಂದು ಕ್ರಮ ತಪ್ಪಿಸುವುದಿಲ್ಲ. ಮೊದಲು 1938ರ ಗೋಲಿಬಾರಿನಲ್ಲಿ ಸತ್ತ ಹುತಾತ್ಮರ ಸ್ತೂಪ, ಆಮೇಲೆ ಸ್ವಾತಂತ್ರ್ಯ ಹೋರಾಟದ ಚಿತ್ರಗಳಿರುವ ವೀರಸೌಧ, ದೇವಸ್ಥಾನ ಕೊನೆಗೆ. ಹೆಚ್ಚಿನವರು ನೇರ ದೇವಸ್ಥಾನಕ್ಕೆ ಹೋಗುತ್ತಾರೆ. ದರ್ಶನ ಮುಗಿಯುವಷ್ಟರಲ್ಲಿ ಬಿಸಿಲೇರಿ ಎಲ್ಲರೂ ದಣಿದಿರುತ್ತಾರೆ, ಚಿತ್ರಗಳ ಮುಂದೆ ನಿಲ್ಲುವ ತಾಳ್ಮೆ ಯಾರಿಗೂ ಉಳಿದಿರುವುದಿಲ್ಲ.

ಯಲಹಂಕ, ದೊಡ್ಡಬಳ್ಳಾಪುರ, ಗೌರಿಬಿದನೂರು ಮಾರ್ಗವಾಗಿ ಸುಮಾರು 80 ಕಿಲೋಮೀಟರ್. ಬೆಳಿಗ್ಗೆ ಏಳಕ್ಕೆ ಹೊರಟರೆ ಯಲಹಂಕದ ವಾಹನ ದಟ್ಟಣೆ ತಪ್ಪುತ್ತದೆ. ಬಸ್ಸಿನಲ್ಲಾದರೆ ಗೌರಿಬಿದನೂರಿನಲ್ಲಿ ಇಳಿದು ಆಟೋ ಹಿಡಿಯಬೇಕು. ಅಲ್ಲಿಂದ ಆರೇಳು ಕಿಲೋಮೀಟರ್ ಅಷ್ಟೆ. ಹಿಂದೂಪುರದ ಹಾದಿಯಲ್ಲಿ ವಿದುರಾಶ್ವತ್ಥಕ್ಕೇ ಒಂದು ರೈಲು ನಿಲ್ದಾಣವೂ ಇದೆ, ಆದರೆ ಎಕ್ಸ್‌ಪ್ರೆಸ್ ನಂಬಿ ಹತ್ತಬೇಡಿ, ಪ್ಯಾಸೆಂಜರ್ ನೋಡಿಕೊಳ್ಳಿ. ವೀರಸೌಧ ತೆರೆದಿರುತ್ತದೆಯೇ ಎಂದು ಹಿಂದಿನ ದಿನವೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಸ್ತೂಪದ ಬಳಿ ಹದಿನೈದು ನಿಮಿಷ ಕೂತು ವಿಷಯ ಹೇಳಿಬಿಡಬೇಕು. 'ಕರ್ನಾಟಕದ ಜಲಿಯನ್‌ವಾಲಾ ಬಾಗ್' ಎಂಬ ಹೆಸರು ಕೇಳಿಕೊಂಡು ಬಂದವರು ಇಲ್ಲಿ ಗುಂಡು ಹಾರಿಸಿದ್ದೂ ಬ್ರಿಟಿಷ್ ಸೈನ್ಯ ಎಂದೇ ತಿಳಿದಿರುತ್ತಾರೆ. ಅಲ್ಲ. ಇದು ಮೈಸೂರು ಸಂಸ್ಥಾನದ ನೆಲ, ಗುಂಡು ಹಾರಿಸಿದ್ದು ಸಂಸ್ಥಾನದ ಪೊಲೀಸರು, ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧ ಮೀರಿ ಕಾಂಗ್ರೆಸ್ ಧ್ವಜ ಹಾರಿಸಿದ್ದರು. ಅದೇ ಕಿಚ್ಚು ಇಲ್ಲಿಗೂ ಹಬ್ಬಿತ್ತು. ಏಪ್ರಿಲ್ 25ರಂದು ಸುತ್ತಲಿನ ಹಳ್ಳಿಗಳ ಜನ ಬಾವುಟ ಹಿಡಿದು ಸೇರಿದ್ದಾಗ ಗೋಲಿಬಾರ್ ನಡೆಯಿತು. ಸತ್ತವರು 32 ಎಂಬ ಮಾತು ಹೆಚ್ಚು ಬಳಕೆಯಲ್ಲಿದೆ, 35 ಎಂದೂ ಬರೆಯುತ್ತಾರೆ. ಅಂದಿನ ಸರ್ಕಾರ ಒಪ್ಪಿಕೊಂಡದ್ದು ಇದಕ್ಕಿಂತ ತೀರಾ ಕಡಿಮೆ. ಮಕ್ಕಳು ಈ ಅಂತರದ ಬಗ್ಗೆ ಕೇಳಿಯೇ ಕೇಳುತ್ತಾರೆ. ಒಂದೇ ಸಂಖ್ಯೆ ಹೇಳಿ ಮುಗಿಸದೆ, ಲೆಕ್ಕ ಬರೆದವರು ಯಾರೆಂದು ಅವರೇ ಯೋಚಿಸಲಿ.

ಇಷ್ಟು ತಿಳಿದ ಮೇಲೆ ವೀರಸೌಧದ ಒಳಗೆ ಹೋಗಿ. ಅಲ್ಲಿನ ಚಿತ್ರಗಳು ಇಡೀ ದೇಶದ ಸ್ವಾತಂತ್ರ್ಯ ಹೋರಾಟವನ್ನು ಹೇಳುತ್ತವೆ. ಹಿನ್ನೆಲೆ ಗೊತ್ತಿಲ್ಲದೆ ನುಗ್ಗಿದವರಿಗೆ ಗಾಂಧಿ, ಭಗತ್ ಸಿಂಗ್‌ರ ನಡುವೆ ಈ ಊರಿನ ರೈತರು ಕಳೆದುಹೋಗುತ್ತಾರೆ. ಎಲ್ಲವನ್ನೂ ಓದಿಸಲು ಹೋಗಬೇಡಿ. ಮೈಸೂರು ಸಂಸ್ಥಾನಕ್ಕೆ ಸಂಬಂಧಿಸಿದ್ದನ್ನು ಹುಡುಕಿ ನಿಂತು ನೋಡಲು ಒಂದು ಗಂಟೆ ಇಟ್ಟುಕೊಳ್ಳಿ. ಗೋಲಿಬಾರಿನ ನಂತರ ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರು ಸಂಸ್ಥಾನಕ್ಕೆ ಬಂದರು. ಮಿರ್ಜಾ–ಪಟೇಲ್ ಒಪ್ಪಂದವಾಗಿ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜ ಹಾರಿಸಲು ಅವಕಾಶ ಸಿಕ್ಕಿತು. ಪ್ರಾಣ ಕೊಟ್ಟು ಪಡೆದದ್ದು ಇದು ಎಂದು ಇಲ್ಲಿಯೇ ಹೇಳಬೇಕು, ಬಸ್ಸಿನಲ್ಲಿ ಹೇಳಿದರೆ ನಾಟುವುದಿಲ್ಲ.

ಕೊನೆಗೆ ದೇವಸ್ಥಾನ. ಅಲ್ಲಿ ಹಳೆಯ ಅಶ್ವತ್ಥ ಮರವನ್ನು ಹುಡುಕುತ್ತಾ ಹಲವರು ನಿರಾಶರಾಗುತ್ತಾರೆ. ಅದು 2001ರಲ್ಲೇ ಉರುಳಿತು. ಹೆಣೆದ ಹಾವುಗಳ ನಾಗರಕಲ್ಲುಗಳು ಮಾತ್ರ ಸಾಲುಸಾಲಾಗಿ ನಿಂತಿವೆ, ಅರಿಶಿನ ಕುಂಕುಮ ಮೆತ್ತಿಕೊಂಡು. ಹರಕೆಯ ಕಲ್ಲುಗಳವು, ಮಕ್ಕಳು ಹತ್ತಿ ಫೋಟೋ ತೆಗೆಸಿಕೊಳ್ಳದಂತೆ ಮೊದಲೇ ಹೇಳಿ. ನಾಗರ ಪಂಚಮಿ, ಭಾನುವಾರಗಳಂದು ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನೀರು ಒಬ್ಬೊಬ್ಬರಿಗೆ ಎರಡು ಲೀಟರ್ ಇರಲಿ; ಊಟಕ್ಕೆ ಗೌರಿಬಿದನೂರಿಗೆ ಬಂದರೆ ಗುಂಪಿಗೆ ಅನುಕೂಲ.