ಕೂಲಿಂಗ್ ಗ್ಲಾಸ್: ಮೊದಲು ಲೆನ್ಸ್ ನೋಡಿ, ಆಮೇಲೆ ಕನ್ನಡಿ

ಕೂಲಿಂಗ್ ಗ್ಲಾಸ್ ಕೊಳ್ಳಲು ಹೋದವರು ನೇರ ಕನ್ನಡಿ ಮುಂದೆ ನಿಲ್ಲುತ್ತಾರೆ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ‘ಚೆನ್ನಾಗಿದೆ ಅಲ್ವಾ?’ ಎಂದು ಕೇಳಿ ದುಡ್ಡು ಕೊಟ್ಟು ಬರುತ್ತಾರೆ. ಚೆಂದ ಕಾಣಬೇಕು, ನಿಜ. ಆದರೆ ಅದರ ಸರದಿ ಕೊನೆಗೆ ಬರಲಿ.

1. ಲೇಬಲ್ ಓದಿ. ‘ಯುವಿ 400’ ಎಂದಿರಬೇಕು. 400 ನ್ಯಾನೊಮೀಟರ್‌ವರೆಗಿನ ಅತಿನೇರಳೆ (ಯುವಿ) ಕಿರಣಗಳನ್ನು ತಡೆಯುತ್ತದೆ ಎಂದರ್ಥ. ಸುಮ್ನೆ ‘ಯುವಿ ಪ್ರೊಟೆಕ್ಷನ್’ ಎಂದಷ್ಟೇ ಬರೆದಿದ್ದರೆ ಅದನ್ನು ನಂಬಿ ಕೊಳ್ಳಬೇಡಿ.

2. ಕಪ್ಪು ಬಣ್ಣಕ್ಕೆ ಮರುಳಾಗಬೇಡಿ. ಜಾಸ್ತಿ ಜನ ಎಡವುವುದು ಇಲ್ಲೇ. ಲೆನ್ಸಿನ ಬಣ್ಣ ತಗ್ಗಿಸುವುದು ಕಣ್ಣಿಗೆ ಕಾಣುವ ಬೆಳಕನ್ನು. ಯುವಿ ಕಿರಣ ಕಣ್ಣಿಗೆ ಕಾಣುವುದೇ ಇಲ್ಲ, ಅದನ್ನು ತಡೆಯುವ ಗುಣ ಲೆನ್ಸಿನಲ್ಲಿ ಬೇರೆಯಾಗಿಯೇ ಇರಬೇಕು. ಆ ಗುಣವಿಲ್ಲದ ಕಪ್ಪು ಗ್ಲಾಸ್ ಹಾಕಿದರೆ ಕಣ್ಣಿನ ಪಾಪೆ ಕತ್ತಲಾಯಿತೆಂದು ಅಗಲವಾಗುತ್ತದೆ. ಬಿಸಿಲಿಗೆ ಕಣ್ಣು ಕಿರಿದು ಮಾಡುವುದನ್ನೂ ನಾವು ಬಿಡುತ್ತೇವೆ. ತೆರೆದ ಬಾಗಿಲಿನಲ್ಲಿ ಯುವಿ ಒಳಗೆ ಬಂದಂತೆಯೇ! ಇತ್ತ ಬಣ್ಣವೇ ಇಲ್ಲದ ಪಾಲಿಕಾರ್ಬೊನೇಟ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಲೆನ್ಸ್ ಯುವಿಯನ್ನು ಬಹುಪಾಲು ತಡೆದುಬಿಡುತ್ತದೆ.

ಹಾಗಾದರೆ ಪರೀಕ್ಷಿಸುವುದು ಹೇಗೆ? ಅನೇಕ ಕನ್ನಡಕದ ಅಂಗಡಿಗಳಲ್ಲಿ ಯುವಿ ಮೀಟರ್ ಇರುತ್ತದೆ. ಲೆನ್ಸ್ ಇಟ್ಟು ತೋರಿಸಲು ಕೇಳಿ. ಮನೆಯಲ್ಲಿರುವ ಹಳೆಯದನ್ನೂ ಒಯ್ಯಿರಿ. ನೇರಳೆ ಟಾರ್ಚ್ ಬೆಳಕನ್ನು ಲೆನ್ಸ್ ಮೂಲಕ ರೂಪಾಯಿ ನೋಟಿನ ಮೇಲೆ ಬಿಟ್ಟು, ನೋಟು ಹೊಳೆಯುತ್ತದೋ ನೋಡುವ ಅಡ್ಡದಾರಿ ಬೇಡ. ಅಗ್ಗದ ಟಾರ್ಚ್‌ಗಳ ಬೆಳಕು ಸಾಮಾನ್ಯವಾಗಿ 395 ನ್ಯಾನೊಮೀಟರ್ ಆಸುಪಾಸಿನದು, ಅದರಲ್ಲಿ ಕಾಣುವ ಬೆಳಕೂ ಬೆರೆತಿರುತ್ತದೆ. ಅದನ್ನು ನೋಡಿ ಏನನ್ನೂ ತೀರ್ಮಾನಿಸಲಾಗದು.

‘ಪೋಲರೈಸ್ಡ್’ ಎಂದಿದ್ದರೂ ಯುವಿ ತಡೆ ಇದೆ ಎಂದಲ್ಲ. ಅದು ನೀರು, ರಸ್ತೆಯ ಮೇಲಿಂದ ಚಿಮ್ಮುವ ಪ್ರಖರ ಬೆಳಕನ್ನು ಕತ್ತರಿಸುತ್ತದೆ. ಗಾಡಿ ಓಡಿಸುವವರು ಇದನ್ನೇ ಕೊಳ್ಳಿ. ನಿಜವೋ ಸುಳ್ಳೋ ಎಂದು ನೋಡಲು ಲೆನ್ಸ್ ಮೂಲಕ ಲ್ಯಾಪ್‌ಟಾಪ್ ಪರದೆ ನೋಡುತ್ತಾ ಗ್ಲಾಸನ್ನು ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಪರದೆ ಕಪ್ಪಾದರೆ ಅಸಲಿ.

3. ಗೆರೆ ನೋಡಿ. ಗ್ಲಾಸನ್ನು ಕೈ ಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಬಾಗಿಲ ಚೌಕಟ್ಟಿನ ನೇರ ಅಂಚನ್ನು ಲೆನ್ಸ್ ಮೂಲಕ ನೋಡಿ. ಗ್ಲಾಸನ್ನು ಮೆಲ್ಲಗೆ ಅತ್ತಿತ್ತ ಸರಿಸಿ. ಅಂಚು ಅಲೆಯಂತೆ ಬಳುಕಿದರೆ ವಾಪಸ್ ಇಡಿ. ಅಂಥದ್ದನ್ನು ಹಾಕಿಕೊಂಡು ತಿರುಗಿದರೆ ತಲೆನೋವು ಬರಬಹುದು.

4. ಲೆನ್ಸ್ ಎಷ್ಟು ಕಪ್ಪು ಎಂದು ತಿಳಿಸುವ ಸಂಖ್ಯೆ (ಕ್ಯಾಟಗರಿ) 0ಯಿಂದ 4ರವರೆಗೆ ಇರುತ್ತದೆ. ಬಿಸಿಲಿಗೆ 3 ಸಾಕು, ಇದರಲ್ಲಿ ಶೇ 8ರಿಂದ 18ರಷ್ಟು ಬೆಳಕು ಒಳಬರುತ್ತದೆ. 4 ಹಾಕಿಕೊಂಡು ಗಾಡಿ ಓಡಿಸಲೇಬಾರದು.

5. ಬಣ್ಣ: ಬೂದು ಅಥವಾ ಕಂದು. ಬೂದಿನಲ್ಲಿ ಬಣ್ಣಗಳು ಇದ್ದ ಹಾಗೇ ಕಾಣುತ್ತವೆ. ನೀಲಿ, ಗುಲಾಬಿ ಲೆನ್ಸ್ ಫೋಟೊಗೆ ಇರಲಿ.

6. ಈಗ ಸ್ಟೈಲ್. ದೊಡ್ಡ ಫ್ರೇಮ್ ಆರಿಸಿ. ಪಕ್ಕದಿಂದ, ಮೇಲಿನಿಂದ ನುಗ್ಗುವ ಬಿಸಿಲನ್ನು ಸಣ್ಣ ಗುಂಡು ಗ್ಲಾಸ್ ತಡೆಯುವುದಿಲ್ಲ. ಮುಖ ಗುಂಡಗಿದ್ದರೆ ಚೌಕಾಕಾರ, ಚೌಕಾಗಿದ್ದರೆ ಅಂಚು ದುಂಡಗಿರುವ ಫ್ರೇಮ್ ಒಪ್ಪುತ್ತದೆ. ಹಾಕಿಕೊಂಡು ಜೋರಾಗಿ ನಗಿ: ಕೆನ್ನೆ ಫ್ರೇಮನ್ನು ಮೇಲಕ್ಕೆ ತಳ್ಳಬಾರದು, ರೆಪ್ಪೆ ಲೆನ್ಸಿಗೆ ತಾಗಬಾರದು. ತಲೆ ಬಗ್ಗಿಸಿ, ಜಾರಿದರೆ ಬೇಡ.

ಮಕ್ಕಳಿಗೆ ಆಟಿಕೆ ಗ್ಲಾಸ್ ಕೊಡಿಸಲೇಬೇಡಿ. ದೊಡ್ಡವರಿಗಿಂತ ಮಕ್ಕಳ ಕಣ್ಣಿನೊಳಕ್ಕೆ ಯುವಿ ಜಾಸ್ತಿ ಇಳಿಯುತ್ತದೆ. ಅವರಿಗೂ ಯುವಿ 400 ಇರುವುದನ್ನೇ ಕೊಡಿಸಿ, ಜೊತೆಗೊಂದು ಅಗಲ ಅಂಚಿನ ಟೋಪಿ.