ಒಂದು ಜೊತೆ ತಂತಿಯಲ್ಲಿ ಮಾಡ್‌ಬಸ್ ಸಾಧನಗಳನ್ನು ಜೋಡಿಸುವುದು ಹೇಗೆ

ಬೇರೆ ಬೇರೆ ತಯಾರಕರ ಪಿಎಲ್‌ಸಿ (ಕಾರ್ಖಾನೆಯ ಯಂತ್ರಗಳನ್ನು ನಿಯಂತ್ರಿಸುವ ಗಣಕ), ವಿದ್ಯುತ್ ಮೀಟರ್ ಮತ್ತು ತಾಪಮಾನ ನಿಯಂತ್ರಕಗಳು ಪರಸ್ಪರ ಮಾಹಿತಿ ವಿನಿಮಯ ಮಾಡಿಕೊಳ್ಳಲು ಇಂದಿಗೂ ವ್ಯಾಪಕವಾಗಿ ಬಳಕೆಯಾಗುವ ವಿಧಾನ, 1979ರಲ್ಲಿ ಮೋಡಿಕಾನ್ ಸಂಸ್ಥೆ ರೂಪಿಸಿದ ಮಾಡ್‌ಬಸ್. ಇದರಲ್ಲಿ ಪ್ರಶ್ನೆ ಕೇಳುವುದು ಮಾಸ್ಟರ್ ಎಂಬ ಮುಖ್ಯ ಸಾಧನ ಮಾತ್ರ; ಉತ್ತರಿಸುವ ಉಳಿದವು ಸ್ಲೇವ್‌ಗಳು. ಕೇಳದ ಹೊರತು ಯಾವ ಸ್ಲೇವ್ ಸಾಧನವೂ ಬಾಯಿ ತೆರೆಯುವುದಿಲ್ಲ.

ಆರ್‌ಎಸ್-485 ಎಂಬ ಎರಡು ತಂತಿಗಳ ಸಂವಹನ ಮಾರ್ಗದ ಹೆಣೆದ ತಂತಿಯನ್ನು ಒಂದು ಸಾಧನದಿಂದ ಮತ್ತೊಂದಕ್ಕೆ ಸಾಲಾಗಿ ಒಯ್ಯಿರಿ, ನಡುವೆ ಉದ್ದನೆಯ ಕವಲುಗಳನ್ನು ತೆಗೆಯಬೇಡಿ, ಮತ್ತು ಸಾಲಿನ ಎರಡೂ ತುದಿಗಳಲ್ಲಿ ಮಾತ್ರ 120 ಓಮ್ ರೋಧಕವನ್ನು ಹಾಕಿರಿ. ಕಡಿಮೆ ವೇಗದಲ್ಲಿ ಈ ಮಾರ್ಗ ಸುಮಾರು 1200 ಮೀಟರ್‌ವರೆಗೆ ಸಾಗಬಲ್ಲದು. ಬಳಿಕ ಪ್ರತಿ ಸ್ಲೇವ್‌ಗೂ 1ರಿಂದ 247ರೊಳಗೆ ಒಂದು ಪ್ರತ್ಯೇಕ ವಿಳಾಸ ಕೊಡಿ. ಬಾಡ್ ರೇಟ್ (ಮಾಹಿತಿ ಸಾಗುವ ವೇಗ), ಪ್ಯಾರಿಟಿ (ದೋಷ ಪತ್ತೆಯ ಬಿಟ್) ಮತ್ತು ಸ್ಟಾಪ್ ಬಿಟ್ (ಪ್ರತಿ ಬೈಟ್‌ನ ಕೊನೆಯ ಗುರುತು) ಎಲ್ಲ ಸಾಧನಗಳಲ್ಲೂ ಒಂದೇ ಆಗಿರಬೇಕು.

ಈಗ ಒಂದು ಸಂದೇಶವನ್ನು ಹತ್ತಿರದಿಂದ ನೋಡೋಣ. ಮಾಸ್ಟರ್ 01 03 00 00 00 01 ಎಂದು ಕಳುಹಿಸುತ್ತದೆ. 1ನೇ ವಿಳಾಸದ ಸಾಧನವೇ, 0ನೇ ಸ್ಥಾನದಿಂದ ಒಂದು ಹೋಲ್ಡಿಂಗ್ ರಿಜಿಸ್ಟರ್ (ಸಾಧನವು ಮೌಲ್ಯವನ್ನು ಇಟ್ಟುಕೊಳ್ಳುವ ಜಾಗ) ಓದಿ ಹೇಳು ಎಂಬುದು ಇದರ ಅರ್ಥ, ಇಲ್ಲಿ 03 ಎಂಬುದು ಓದುವ ಆಜ್ಞೆ; ಕೊನೆಯಲ್ಲಿ ದೋಷ ಪತ್ತೆಗಾಗಿ ಎರಡು ಬೈಟ್‌ಗಳ ಸಿಆರ್‌ಸಿ ಸೇರುತ್ತದೆ. ಉತ್ತರವಾಗಿ ಬರುವ 01 03 02 01 04 ಎಂಬುದರಲ್ಲಿ 02 ಎಂದರೆ ಮುಂದಿರುವ ಬೈಟ್‌ಗಳ ಸಂಖ್ಯೆ, 01 04 ಎಂಬ ಹೆಕ್ಸಾಡೆಸಿಮಲ್ (16ರ ಆಧಾರದ ಎಣಿಕೆಯ) ಮೌಲ್ಯವೆಂದರೆ 260. ಸಾಧನವು ತಾಪಮಾನವನ್ನು ಹತ್ತು ಪಟ್ಟು ಮಾಡಿ ಇಡುವಂಥದ್ದಾದರೆ ಅದನ್ನು 26.0 ಡಿಗ್ರಿ ಎಂದು ಓದಬೇಕು. ಈಥರ್ನೆಟ್‌ನ ಮಾಡ್‌ಬಸ್ ಟಿಸಿಪಿಯಲ್ಲಿಯೂ ಪ್ರಶ್ನೆ ಇದೇ, ಆದರೆ ಸಿಆರ್‌ಸಿ ಇರುವುದಿಲ್ಲ, ಪೋರ್ಟ್ 502 ಬಳಕೆಯಾಗುತ್ತದೆ.

ಉತ್ತರವೇ ಬಾರದಿರುವುದು ಬೇರೆ, ದೋಷದ ಉತ್ತರ ಬರುವುದು ಬೇರೆ. ಈ ವ್ಯತ್ಯಾಸವನ್ನು ಗಮನಿಸಿದರೆ ಗಂಟೆಗಟ್ಟಲೆ ಹುಡುಕಾಟ ತಪ್ಪುತ್ತದೆ. ಪೂರ್ತಿ ಮೌನವಿದ್ದರೆ ವಿಳಾಸ, ವೇಗ, ಪ್ಯಾರಿಟಿ ಅಥವಾ ತಂತಿಯನ್ನು ಶಂಕಿಸಿರಿ. ಎ ಮತ್ತು ಬಿ ಎಂಬ ಗುರುತುಗಳನ್ನು ಎಲ್ಲ ತಯಾರಕರೂ ಒಂದೇ ರೀತಿ ಬಳಸುವುದಿಲ್ಲವಾದ್ದರಿಂದ ಆ ಎರಡು ತಂತಿಗಳನ್ನು ಅದಲು ಬದಲು ಮಾಡಿಯೂ ನೋಡಬೇಕು. ಆದರೆ 01 83 02 (83 ಎಂಬುದು 03ರ ದೋಷದ ರೂಪ, 02 ಎಂಬುದು ಕಾರಣದ ಸಂಕೇತ) ಎಂದು ಬಂದರೆ ತಂತಿಯನ್ನು ಮುಟ್ಟುವ ಅಗತ್ಯವೇ ಇಲ್ಲ: ಸಾಧನವು ಪ್ರಶ್ನೆಯನ್ನು ಸರಿಯಾಗಿ ಕೇಳಿಸಿಕೊಂಡಿದೆ, ಆ ರಿಜಿಸ್ಟರ್ ಮಾತ್ರ ತನ್ನಲ್ಲಿಲ್ಲ ಎನ್ನುತ್ತಿದೆ. ಕೈಪಿಡಿಯಲ್ಲಿ 40001 ಎಂದು ಬರೆದಿರುವ ರಿಜಿಸ್ಟರ್ ತಂತಿಯ ಮೇಲೆ ಸಾಮಾನ್ಯವಾಗಿ 0 ಆಗಿರುತ್ತದೆ; ಮೊದಲ 4 ರಿಜಿಸ್ಟರ್‌ನ ಬಗೆಯನ್ನಷ್ಟೇ ಹೇಳುತ್ತದೆ, ಕೈಪಿಡಿಯ ಎಣಿಕೆ 1ರಿಂದ, ತಂತಿಯ ಎಣಿಕೆ 0ರಿಂದ. ಹೀಗಾಗಿ ಮೊದಲು ಒಂದು ಸಂಖ್ಯೆ ಹಿಂದೆ ಸರಿದು ಓದಿ ನೋಡಿರಿ.